ನೀಲಿ ಕೊಳ ಹಸಿರಾದಾಗ

2016ರ ಆಗಸ್ಟ್ 8. ಬ್ರೆಜಿಲ್‌ನ ರಿಯೊ ಒಲಿಂಪಿಕ್ಸ್‌ನಲ್ಲಿ ಡೈವಿಂಗ್ ಕೊಳದ ನೀರು ತಿಳಿನೀಲಿಯಾಗಿತ್ತು. ಮರುದಿನ ನೋಡಿದರೆ ಊರ ಕೆರೆಯಂತೆ ಹಚ್ಚಹಸಿರು! ಮತ್ತೊಂದು ದಿನ ಕಳೆಯುವುದರೊಳಗೆ ಪಕ್ಕದ ಕೊಳಕ್ಕೂ ಅದೇ ಗತಿ. ತಜ್ಞರ ದಂಡೇ ಇದ್ದ ಕಡೆ ಹೀಗಾದರೆ, ಹಿತ್ತಲಲ್ಲಿ ಪುಟ್ಟ ಈಜುಕೊಳ ಕಟ್ಟಿಸಿಕೊಂಡವರ ಪಾಡೇನು?

ಆಗಸ್ಟ್ 5ರಂದು 80 ಲೀಟರ್ ಹೈಡ್ರೊಜನ್ ಪೆರಾಕ್ಸೈಡ್ ತಪ್ಪಾಗಿ ಸುರಿದದ್ದೇ ಕಾರಣವೆಂದು ಸಂಘಟಕರು ವಿವರಿಸಿದರು. ಅದೂ ಕ್ರಿಮಿನಾಶಕ, ಕ್ಲೋರಿನ್ನೂ ಕ್ರಿಮಿನಾಶಕ. ಎರಡೂ ಸೇರಿದರೆ ಬಲ ಇಮ್ಮಡಿಯಾಗಬೇಕಲ್ಲವೇ? ಇಲ್ಲ. ಅವು ಒಂದನ್ನೊಂದು ನಿಷ್ಕ್ರಿಯಗೊಳಿಸುತ್ತವೆ. ಕ್ಲೋರಿನ್ ಬರೀ ಕ್ಲೋರೈಡ್ ಆಗಿ ಉಳಿಯುತ್ತದೆ, ಆಮ್ಲಜನಕ ಹೊರಬೀಳುತ್ತದೆ. ಕಾವಲಿಲ್ಲದ ನೀರಿನಲ್ಲಿ ಪಾಚಿಯಂಥವು ಬೆಳೆಯಲು ಇಷ್ಟು ಸಾಕು. ಕೊನೆಗೆ ಒಂದು ಕೊಳದ ಸುಮಾರು 37 ಲಕ್ಷ ಲೀಟರ್ ನೀರನ್ನೇ ಬದಲಾಯಿಸಬೇಕಾಯಿತು.

ಪಾಚಿಯ ಉಪಾಯ

ಪಾಚಿಯ ಬೀಜಾಣುಗಳು ಗಾಳಿ, ಮಳೆ, ದೂಳಿನೊಂದಿಗೆ ಸದಾ ಬರುತ್ತಲೇ ಇರುತ್ತವೆ. ಬಿಸಿಲು ಮತ್ತು ಕರಗಿದ ನೈಟ್ರೇಟ್, ಫಾಸ್ಫೇಟ್ ಸಿಕ್ಕರೆ ಬೆಳವಣಿಗೆ ಶುರು. ಹಗಲಿನಲ್ಲಿ ಅದು ನೀರಿನ ಇಂಗಾಲದ ಡೈ ಆಕ್ಸೈಡನ್ನು ಹೀರುವುದರಿಂದ ನೀರಿನ ಪಿಎಚ್ ಏರುತ್ತದೆ. ಪಿಎಚ್ ಏರಿದಷ್ಟೂ ಕ್ಲೋರಿನ್ನಿನ ಶಕ್ತಿ ಕುಗ್ಗುತ್ತದೆ. ಪಾಚಿಯನ್ನು ಕೊಲ್ಲುವುದು ಹೈಪೊಕ್ಲೋರಸ್ ಆಮ್ಲ. ಪಿಎಚ್ 7.5ರಲ್ಲಿ ಕ್ಲೋರಿನ್ನಿನ ಸುಮಾರು ಅರ್ಧದಷ್ಟು ಆ ರೂಪದಲ್ಲಿರುತ್ತದೆ, 8.5ರಲ್ಲಿ ಹತ್ತನೆಯ ಒಂದು ಪಾಲು ಮಾತ್ರ. ಅಂದರೆ ಪಾಚಿ ತನ್ನ ಶತ್ರುವಿನ ಕೈಯನ್ನು ತಾನೇ ಕಟ್ಟಿಹಾಕುತ್ತದೆ!

ಓಡಿಸುವ ಕ್ರಮ

ಮೊದಲು ಪಿಎಚ್ ಪರೀಕ್ಷಿಸಿ 7.2ರಿಂದ 7.6ರೊಳಗೆ ತನ್ನಿ. ಆಮೇಲೆ ಗೋಡೆ, ಮೂಲೆ, ಮೆಟ್ಟಿಲುಗಳನ್ನು ಬ್ರಷ್‌ನಿಂದ ಉಜ್ಜಿ. ಅಂಟಿಕೊಂಡ ಪಾಚಿಯ ಒಳಪದರಕ್ಕೆ ಕ್ಲೋರಿನ್ ತಲುಪುವುದಿಲ್ಲ. ಸಂಜೆಯಾದ ನಂತರ ಹೆಚ್ಚಿನ ಕ್ಲೋರಿನ್ ಹಾಕಿ. ಹಗಲಿನಲ್ಲಿ ಹಾಕಿದರೆ ಬಿಸಿಲೇ ಅದನ್ನು ಒಡೆದುಬಿಡುತ್ತದೆ.

ಎಷ್ಟು ಹಾಕಬೇಕು? ವಿದ್ಯಾರ್ಥಿಗಳೇ, ಲೆಕ್ಕ ನೀವೇ ಮಾಡಿ. 5 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಕೊಳದಲ್ಲಿ 24,000 ಲೀಟರ್ ನೀರಿರುತ್ತದೆ. ಲೀಟರಿಗೆ 10 ಮಿಲಿಗ್ರಾಂ ಎಂದರೆ 240 ಗ್ರಾಂ ಕ್ಲೋರಿನ್. ಶೇ. 30ರಷ್ಟು ಕ್ಲೋರಿನ್ ಕೊಡುವ ಬ್ಲೀಚಿಂಗ್ ಪೌಡರ್ ಆದರೆ 800 ಗ್ರಾಂ ಬೇಕು. ಅದನ್ನು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಿರಿ. ಪಂಪು, ಫಿಲ್ಟರ್ ರಾತ್ರಿಯೆಲ್ಲ ಓಡಲಿ. ಸತ್ತ ಪಾಚಿ ಬೂದುಬಣ್ಣಕ್ಕೆ ತಿರುಗಿ ತಳಕ್ಕೆ ಕೂರುತ್ತದೆ. ಅದನ್ನು ಹೊರತೆಗೆದು ಫಿಲ್ಟರನ್ನೂ ತೊಳೆಯಿರಿ.

ಕ್ಲೋರಿನ್ ಲೀಟರಿಗೆ 3 ಮಿಲಿಗ್ರಾಂಗಿಂತ ಕೆಳಗಿಳಿದು, ಕೊಳದ ತಳ ನಿಚ್ಚಳವಾಗಿ ಕಾಣುವವರೆಗೆ ಮಕ್ಕಳನ್ನು ನೀರಿಗೆ ಬಿಡಬೇಡಿ. ಕದಡಿದ ನೀರಿನಲ್ಲಿ ಮುಳುಗಿದ ಮಗು ದಡದಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ. ಪಾಚಿಯಿಂದ ಆಗುವ ದೊಡ್ಡ ಅಪಾಯ ಅದೇ.

ಮೇಷ್ಟರ ತಪ್ಪು

ನಮ್ಮ ಮನೆಯಲ್ಲಿ ಈಜುಕೊಳವಿಲ್ಲ. ಹಿತ್ತಲಲ್ಲಿ ಸಿಮೆಂಟಿನ ತೊಟ್ಟಿಯಿದೆ. ಒಂದು ಬೇಸಿಗೆಯಲ್ಲಿ ಅದನ್ನು ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಬಳಿದೆ. ಪಾಚಿ ಬೇಗ ಬಿಡಲೆಂದು ಮೇಲಿಂದ ಶೌಚಾಲಯ ತೊಳೆಯುವ ಆಸಿಡ್ಡನ್ನೂ ಸುರಿದೆ. ಕ್ಷಣದಲ್ಲಿ ಘಾಟು ಎದ್ದು ಉಸಿರು ಕಟ್ಟಿತು. ಕೆಮ್ಮುತ್ತ ದೂರ ಓಡಿದೆ. ಅದು ಕ್ಲೋರಿನ್ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತೊಟ್ಟಿಯ ತಳದಲ್ಲೇ ನಿಲ್ಲುತ್ತದೆ. ನಾನು ಒಳಗಿಳಿದು ಉಜ್ಜುತ್ತಿದ್ದರೆ? ತರಗತಿಯಲ್ಲಿ ವರ್ಷ ವರ್ಷ ಹೇಳುತ್ತಿದ್ದ ಪಾಠ ಹಿತ್ತಲಲ್ಲಿ ಮರೆತುಹೋಗಿತ್ತು. “ಪಾಠ ಮಾಡೋರಿಗೇ ಪಾಠ ಆಯ್ತು ನೋಡಿ” ಎಂದಳು ನನ್ನಾಕೆ.

ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಎಂದೂ ಬೆರೆಯಬಾರದು. ಕೊಳದ ಪಿಎಚ್ ತಗ್ಗಿಸಲು ಆಸಿಡ್ ಬಳಸಿದರೂ, ಅದು ನೀರಿನಲ್ಲಿ ಪೂರ್ತಿ ಬೆರೆತು ಹಲವು ಗಂಟೆಗಳಾದ ಮೇಲೆಯೇ ಕ್ಲೋರಿನ್ ಹಾಕಬೇಕು.

ಈಗ ನಮ್ಮ ತೊಟ್ಟಿಗೆ ಬೆಳಕು ನುಸುಳದ ಮುಚ್ಚಳವಿದೆ. ಬೆಳಕಿಲ್ಲದೆ ಪಾಚಿ ಅಡುಗೆ ಮಾಡಿಕೊಳ್ಳಲಾರದು. ಖರ್ಚು ಒಂದೇ ಸಲ, ಘಾಟಂತೂ ಇಲ್ಲವೇ ಇಲ್ಲ.