ಸಿದ್ದಿಗಳನ್ನ ಇನ್ನೂ ‘ಯಾವ ದೇಶ’ ಅಂತ ಕೇಳ್ತೀವಿ

ಯಲ್ಲಾಪುರದಲ್ಲಿ ಹುಟ್ಟಿ, ಕನ್ನಡ ಮಾತಾಡೋ ಹುಡುಗನನ್ನ ‘ಯಾವ ದೇಶ ನಿಂದು?’ ಅಂತ ಕೇಳೋರು ಇವತ್ತಿಗೂ ಇದ್ದಾರೆ. ಅವನು ಸಿದ್ದಿ. ಆಫ್ರಿಕಾದಿಂದ ಪೋರ್ಚುಗೀಸರು ಗೋವಾಕ್ಕೆ ಗುಲಾಮರನ್ನ ತಂದರು. ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿದರು. ಶತಮಾನಗಳೇ ಕಳೆದವು. ಅವರ ವಂಶಸ್ಥರಾದ ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಎಲ್ಲರೂ ಇದ್ದಾರೆ. ಆದರೂ ಜನ ನೋಡಿದ್ದು ಮೈಬಣ್ಣ, ಗುಂಗುರು ಕೂದಲು. ಇವರ ಪಾಲಿಗೆ ಬಂದದ್ದು ಬೇರೆಯವರ ತೋಟದ ಕೂಲಿ.

1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಇವರ ಮಕ್ಕಳನ್ನ ತರಬೇತಿಗೆ ಆರಿಸಿತು. ಅಲ್ಲೂ ಲೆಕ್ಕಕ್ಕೆ ಬಂದದ್ದು ಆಫ್ರಿಕಾದ ಮೈಕಟ್ಟೇ! ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಆಸೆ ಹುಟ್ಟಿಸಿ ಮಕ್ಕಳನ್ನ ಹಾಗೆ ಕೈಬಿಟ್ಟದ್ದು ದೊಡ್ಡ ಅನ್ಯಾಯ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಓದಿಗೆ, ನೌಕರಿಗೆ ಮೀಸಲಾತಿ ಬಂತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು, ಈ ಸಮುದಾಯದಿಂದ ಮೊದಲಿಗರಾಗಿ.