ಅಯಾನು ಸಿಕ್ಕರೆ ಬೆಳಗುವ ಅಣುಗಳು

ಹೃದಯ ಒಂದು ಸಲ ಬಡಿಯಬೇಕಾದರೂ ಅದರ ಸ್ನಾಯುಕೋಶಗಳೊಳಗೆ ಕ್ಯಾಲ್ಸಿಯಂ ಅಯಾನುಗಳ ಮಟ್ಟ ಏರಬೇಕು, ಮರುಕ್ಷಣ ಇಳಿಯಬೇಕು. ಇದು 1970ರ ದಶಕದ ಹೊತ್ತಿಗೇ ಗೊತ್ತಿತ್ತು. ಆದರೆ ಆ ಏರಿಳಿತವನ್ನು ಸಾಮಾನ್ಯ ಗಾತ್ರದ ಜೀವಕೋಶದೊಳಗೆ ನೋಡುವ ದಾರಿ ಇರಲಿಲ್ಲ. ಲೋಳೆಮೀನಿನಿಂದ ತೆಗೆದ ಬೆಳಗುವ ಪ್ರೋಟೀನೊಂದನ್ನು ದೊಡ್ಡ ಕೋಶಗಳಿಗೆ ಸೂಜಿಯಲ್ಲಿ ಚುಚ್ಚಿ ನೋಡುತ್ತಿದ್ದರು. ಸಣ್ಣ ಕೋಶಗಳಲ್ಲಿ ಅದು ಆಗುವ ಮಾತಾಗಿರಲಿಲ್ಲ.

ಕೇಂಬ್ರಿಜ್‌ನಲ್ಲಿದ್ದ ಯುವಕ ರೋಜರ್ ಚೆನ್, ಕ್ಯಾಲ್ಸಿಯಂ ಸಿಕ್ಕಾಗ ಬೆಳಕು ಬದಲಿಸುವ ಸಣ್ಣ ಅಣುವೊಂದನ್ನು ತಾನೇ ಕಟ್ಟಲು ಹೊರಟ. ಅಡ್ಡಿಯಾಗಿದ್ದುದು ಮೆಗ್ನೀಸಿಯಂ. ವಿಶ್ರಾಂತಿಯಲ್ಲಿರುವ ಕೋಶದೊಳಗೆ ಬಿಡಿ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್ ಅಷ್ಟೇ. ಮೆಗ್ನೀಸಿಯಂ ಅದರ ಹಲವು ಸಾವಿರ ಪಟ್ಟು. ಎರಡರ ವಿದ್ಯುದಂಶವೂ ಒಂದೇ. ವ್ಯತ್ಯಾಸವಿರುವುದು ಗಾತ್ರದಲ್ಲಿ: ಕ್ಯಾಲ್ಸಿಯಂನ ತ್ರಿಜ್ಯ ಸುಮಾರು 100 ಪಿಕೊಮೀಟರ್, ಮೆಗ್ನೀಸಿಯಂನದು 72. ಪ್ರಯೋಗಾಲಯಗಳಲ್ಲಿ ಮೊದಲೇ ಬಳಕೆಯಲ್ಲಿದ್ದ ಇಜಿಟಿಎ ಎಂಬ ಅಣು ಈ ವ್ಯತ್ಯಾಸವನ್ನು ಗುರುತಿಸುತ್ತಿತ್ತು. ಅದರ ತೋಳುಗಳ ನಡುವೆ ಕ್ಯಾಲ್ಸಿಯಂ ಸರಿಯಾಗಿ ಕೂರುತ್ತದೆ. ಮೆಗ್ನೀಸಿಯಂಗೆ ಆ ಜಾಗ ಮಗುವಿನ ಕೈಗೆ ಅಮ್ಮನ ಬಳೆ ಹಾಕಿದಂತೆ, ನಿಲ್ಲುವುದಿಲ್ಲ. ಆದರೆ ಇಜಿಟಿಎ ಬೆಳಗುವುದಿಲ್ಲ, ಆಮ್ಲೀಯತೆ ಕೊಂಚ ಬದಲಾದರೂ ಅದರ ಹಿಡಿತ ಏರುಪೇರಾಗುತ್ತದೆ. ಚೆನ್ ಅದೇ ಚೌಕಟ್ಟಿನಲ್ಲಿ ಬೆಂಜೀನ್ ಉಂಗುರಗಳನ್ನು ಕೂರಿಸಿದ. ಎರಡೂ ತೊಂದರೆಗಳು ಒಟ್ಟಿಗೇ ನೀಗಿದವು. ಆ ಅಣು ಬಾಪ್ಟಾ, 1980ರಲ್ಲಿ ಪ್ರಕಟವಾಯಿತು.

ಈ ಕತೆಯಲ್ಲಿ ನನ್ನನ್ನು ಬೆರಗಾಗಿಸುವ ಸಂಗತಿ ಬೇರೆ. ಬಾಪ್ಟಾ ಕ್ಯಾಲ್ಸಿಯಂಗಿಂತ ಸತುವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಹಾಗಿದ್ದೂ ಅದು ಕೆಲಸಕ್ಕೆ ಬರುವುದು ಕೋಶದೊಳಗೆ ಬಿಡಿ ಸತು ತೀರಾ ಕಡಿಮೆ ಇರುವುದರಿಂದ. ಜಗತ್ತಿನ ಎಲ್ಲ ಅಯಾನುಗಳ ನಡುವೆ ಒಂದನ್ನೇ ಹೆಕ್ಕುವ ಅಣು ಬೇಕಾಗಿಯೇ ಇಲ್ಲ. ಎಲ್ಲಿ ಅಳೆಯುತ್ತೇವೆ, ಅಲ್ಲಿ ಯಾರು ಯಾರು ಸುತ್ತುವರಿದಿರುತ್ತಾರೆ ಎಂಬುದನ್ನು ಮೊದಲು ತಿಳಿದುಕೊಂಡು ಸಂವೇದಕವನ್ನು ಕಟ್ಟಬೇಕು.

ಮುಂದಿನ ಪ್ರಶ್ನೆ, ಅಣುವನ್ನು ಒಳಗೆ ಕಳಿಸುವುದು ಹೇಗೆ? ವಿದ್ಯುದಂಶ ಹೊತ್ತ ಅಣುವನ್ನು ಕೋಶದ ಪೊರೆ ಒಳಬಿಡುವುದಿಲ್ಲ. ಚೆನ್ ಆ ವಿದ್ಯುದಂಶಗಳನ್ನು ಎಸ್ಟರ್ ಗುಂಪುಗಳಿಂದ ಮುಚ್ಚಿದ. ಅಣು ಪೊರೆ ದಾಟಿತು. ಒಳಗಿನ ಕಿಣ್ವಗಳು ಆ ಮುಚ್ಚಳಗಳನ್ನು ಕತ್ತರಿಸಿ ತೆಗೆದವು. ಈಗ ಅಣು ಹೊರಗೆ ಬರಲಾರದು. ಸೂಜಿಯ ಗೊಡವೆಯೇ ತಪ್ಪಿತು.

1985ರಲ್ಲಿ ಬಂದ ಫ್ಯೂರಾ-2 ಎಂಬ ಬೆಳಗುವ ಬಣ್ಣ ಇನ್ನೊಂದು ಸಮಸ್ಯೆಯನ್ನು ಬಿಡಿಸಿತು. ಕೋಶದ ಒಂದು ಭಾಗ ಹೆಚ್ಚು ಬೆಳಗಿದರೆ ಅಲ್ಲಿ ಕ್ಯಾಲ್ಸಿಯಂ ಹೆಚ್ಚಿದೆಯೋ, ಬಣ್ಣವೇ ಹೆಚ್ಚು ಸೇರಿಕೊಂಡಿದೆಯೋ? ಫ್ಯೂರಾ-2 ಕ್ಯಾಲ್ಸಿಯಂ ಹಿಡಿದಾಗ 340 ನ್ಯಾನೊಮೀಟರ್ ಬೆಳಕಿಗೆ ಹೆಚ್ಚು ಹೊಳೆಯುತ್ತದೆ, 380ಕ್ಕೆ ಕಡಿಮೆ. ಎರಡರಲ್ಲೂ ಅಳೆದು ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬಣ್ಣ ಎಷ್ಟಿದೆ, ಕೋಶ ಎಷ್ಟು ದಪ್ಪ ಎಂಬ ಲೆಕ್ಕಗಳೆಲ್ಲ ವಜಾ ಆಗಿ ಕ್ಯಾಲ್ಸಿಯಂ ಮಾತ್ರ ಉಳಿಯುತ್ತದೆ.

ರಕ್ತದ ಸೋಡಿಯಂ ಅಳೆಯುವುದು ಕೋಶದ ಕ್ಯಾಲ್ಸಿಯಂಗೆ ಪೂರ್ತಿ ಉಲ್ಟಾ ಲೆಕ್ಕ. ಅಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್‌ನಷ್ಟು ಧಾರಾಳವಾಗಿದೆ. ಬಿಗಿಯಾಗಿ ಹಿಡಿಯುವ ಅಣುವನ್ನು ಅಲ್ಲಿ ಬಿಟ್ಟರೆ ಅದು ಸದಾ ತುಂಬಿಕೊಂಡೇ ಇರುತ್ತದೆ, ಏರಿಳಿತವನ್ನು ತೋರಿಸುವುದೇ ಇಲ್ಲ. ಬೇಕಾದದ್ದು ಸಡಿಲ ಹಿಡಿತ. ಕೊಲಂಬೊದಿಂದ ಬೆಲ್‌ಫಾಸ್ಟಿಗೆ ಹೋದ ರಸಾಯನ ವಿಜ್ಞಾನಿ ಎ. ಪಿ. ಡಿ ಸಿಲ್ವಾ ರೂಪಿಸಿದ ಅಣುವಿನಲ್ಲಿ ಒಂದು ತುದಿಗೆ ಬೆಳಗುವ ಭಾಗ, ಇನ್ನೊಂದು ತುದಿಗೆ ಸೋಡಿಯಂ ಕೂರುವ ಉಂಗುರ, ನಡುವೆ ಚಿಕ್ಕ ಕೊಂಡಿ. ಬೆಳಗುವ ಭಾಗ ಬೆಳಕನ್ನು ಹೀರಿದಾಗ ಅದರ ಒಂದು ಇಲೆಕ್ಟ್ರಾನ್ ಮೇಲೇರಿ ಕೆಳಗೆ ಜಾಗ ತೆರವಾಗುತ್ತದೆ. ಉಂಗುರದ ನೈಟ್ರೋಜನ್ ತಕ್ಷಣ ತನ್ನದೊಂದು ಇಲೆಕ್ಟ್ರಾನನ್ನು ಅಲ್ಲಿಗೆ ದಾಟಿಸಿಬಿಡುತ್ತದೆ. ಮೇಲೇರಿದ್ದಕ್ಕೆ ಬೆಳಕು ಸೂಸುತ್ತಾ ಇಳಿಯಲು ಜಾಗವೇ ಇಲ್ಲ. ಉಂಗುರದಲ್ಲಿ ಸೋಡಿಯಂ ಬಂದು ಕೂತರೆ ಅದರ ಧನ ವಿದ್ಯುದಂಶ ನೈಟ್ರೋಜನ್ನಿನ ಇಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಕೊಡುವುದು ನಿಲ್ಲುತ್ತದೆ, ಬೆಳಕು ಹೊರಡುತ್ತದೆ. ಈ ಬಗೆಯ ಅಣುಗಳು ಇಂದು ತುರ್ತು ಚಿಕಿತ್ಸೆಯಲ್ಲಿ ಬಳಸುವ ಎತ್ತಿಕೊಂಡು ಹೋಗಬಲ್ಲ ರಕ್ತಪರೀಕ್ಷಾ ಯಂತ್ರಗಳಲ್ಲಿವೆ. ಹೊಸ ಸಂವೇದಕಗಳ ಪ್ರಬಂಧಗಳು ಪ್ರತಿವರ್ಷ ರಾಶಿ ರಾಶಿ ಬರುತ್ತವೆ. ಅವುಗಳಲ್ಲಿ ಪ್ರಯೋಗಾಲಯದ ಗಾಜಿನ ನಳಿಕೆ ದಾಟಿ ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದವು ವಿರಳ. ಡಿ ಸಿಲ್ವಾ ಅವರ ಈ ಕೆಲಸದ ತೂಕ ಅದರಲ್ಲಿದೆ.

ಕ್ಲೋರೈಡ್‌ನ ರೀತಿಯೇ ಬೇರೆ. ಟಾನಿಕ್ ವಾಟರ್‌ನಲ್ಲಿ ಕ್ವಿನೈನ್ ಇರುತ್ತದೆ. ನೇರಳಾತೀತ ಟಾರ್ಚ್ ಬಿಟ್ಟರೆ ಅದು ನೀಲಿಯಾಗಿ ಹೊಳೆಯುತ್ತದೆ. ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಕಿ, ಹೊಳಪು ಮಂಕಾಗುತ್ತದೆ. ಕ್ವಿನೈನ್ ಅಣು ಬೆಳಕು ಹೀರಿ ಸೂಸುವವರೆಗೆ ಸುಮಾರು 20 ನ್ಯಾನೊಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಕ್ಲೋರೈಡ್ ಬಂದು ಡಿಕ್ಕಿ ಹೊಡೆದರೆ ಆ ಶಕ್ತಿ ಬೆಳಕಾಗದೆ ಕರಗಿಹೋಗುತ್ತದೆ. ಬ್ರೋಮೈಡ್, ಅಯೋಡೈಡ್ ಇನ್ನೂ ಜೋರಾಗಿ ನಂದಿಸುತ್ತವೆ. ಜೀವಕೋಶದಲ್ಲಿ ಅವು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಹಾಗಾಗಿ ಚಿಂತೆಯಿಲ್ಲ.

ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿದ್ದ ಯಮುನಾ ಕೃಷ್ಣನ್ ಮತ್ತು ಸಂಗಡಿಗರು ಈ ಡಿಕ್ಕಿಯ ತತ್ವವನ್ನೇ ಡಿಎನ್‌ಎ ಎಳೆಗಳ ಮೇಲೆ ಕೂರಿಸಿದರು. ಒಂದು ಎಳೆಯಲ್ಲಿ ಕ್ಲೋರೈಡ್‌ಗೆ ಮಂಕಾಗುವ ಬಣ್ಣ, ಇನ್ನೊಂದರಲ್ಲಿ ಕ್ಲೋರೈಡ್‌ಗೆ ಜಗ್ಗದ ಬಣ್ಣ. ಎರಡರ ಅನುಪಾತ ತೆಗೆದರೆ ಕ್ಲೋರೈಡ್ ಎಷ್ಟೆಂದು ಸಿಗುತ್ತದೆ. 2015ರಲ್ಲಿ ವರದಿಯಾದ ಇದರ ಹೆಸರು ಕ್ಲೆನ್ಸರ್. ಆಮ್ಲೀಯತೆ ಬದಲಾದರೂ ಅಳತೆ ತಪ್ಪದಿರುವುದು ಇದರ ದೊಡ್ಡ ಗುಣ. ಇದು ಹೋಗಬೇಕಾದ ಲೈಸೊಸೋಮ್, ಅಂದರೆ ಕೋಶದ ಕಸವನ್ನು ಅರಗಿಸುವ ಚೀಲ, ಆಮ್ಲಮಯವಾದ ಜಾಗ. ಮುಂದೆ ಶಿಕಾಗೊದಲ್ಲಿ ಕೃಷ್ಣನ್ ತಂಡ ಇದನ್ನು ಹುಳುಗಳಲ್ಲೂ ಕೋಶಗಳಲ್ಲೂ ಬಳಸಿ, ಗೋಶೆ ಮತ್ತು ನೀಮನ್-ಪಿಕ್ ಎಂಬ ಆನುವಂಶಿಕ ಕಾಯಿಲೆಗಳ ಮಾದರಿಗಳಲ್ಲಿ ಲೈಸೊಸೋಮಿನ ಕ್ಲೋರೈಡ್ ಕುಸಿದಿರುವುದನ್ನು 2017ರಲ್ಲಿ ತೋರಿಸಿತು. ಕ್ಲೋರೈಡ್ ಕಡಿಮೆಯಾದಾಗ ಅಲ್ಲಿನ ಕೆಲವು ಕಿಣ್ವಗಳು ಸೋಲುತ್ತವೆ, ಲೈಸೊಸೋಮ್ ಹೊರಬಿಡಬೇಕಾದ ಕ್ಯಾಲ್ಸಿಯಂ ಕೂಡ ಸರಿಯಾಗಿ ಹೊರಬರುವುದಿಲ್ಲ.