ಹಳೆಯ ಗಣಕಯಂತ್ರಗಳೂ ನಿತ್ಯದ ಕಾಯಕವೂ

ಗಣಕಯಂತ್ರವೆಂದೊಡನೆ ವರ್ಷಕ್ಕೊಂದು ಹೊಸ ರೂಪ ತಾಳುವ ವಸ್ತುವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ದಶಕಗಳ ಹಿಂದಿನ ಯಂತ್ರವನ್ನೇ ನಂಬಿ ನಿತ್ಯದ ವ್ಯವಹಾರ ಸಾಗಿಸಿಕೊಂಡು ಬಂದ ಸಣ್ಣ ಉದ್ಯಮಗಳೂ ಉಂಟು. ಅವುಗಳ ವೃತ್ತಾಂತ ವ್ಯಾಪಾರೋದ್ಯಮಗಳಲ್ಲಿ ತೊಡಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ವಿಚಾರಾರ್ಹವಾದುದು.

ಅಮೆರಿಕದ ಟೆಕ್ಸಾಸ್ ರಾಜ್ಯದ ಕಾನ್ರೋ ಎಂಬ ಊರಿನಲ್ಲಿ ಕೈಗಾರಿಕೆಗಳಿಗೆ ಬೇಕಾದ ಸೋಸುಯಂತ್ರಗಳನ್ನು ತಯಾರಿಸುವ ಸ್ಪಾರ್ಕ್ಲರ್ ಫಿಲ್ಟರ್ಸ್ ಎಂಬ ಸಂಸ್ಥೆಯು, 1948ರಲ್ಲಿ ಬಳಕೆಗೆ ಬಂದ ಐ.ಬಿ.ಎಂ. 402 ಮಾದರಿಯ ಲೆಕ್ಕದ ಯಂತ್ರದಲ್ಲಿಯೇ ತನ್ನ ವೇತನ, ಮಾರಾಟ, ದಾಸ್ತಾನುಗಳ ಲೆಕ್ಕವನ್ನು ನಡೆಸುತ್ತಿದೆಯೆಂದು 2012ರಲ್ಲಿ ವರದಿಯಾಯಿತು. ಕಟ್ಟುನಿಟ್ಟಾಗಿ ನೋಡಿದರೆ ಇದು ಗಣಕಯಂತ್ರವೇ ಅಲ್ಲ, ಅದರ ಪೂರ್ವಜ. ಆದೇಶಗಳನ್ನು ನೆನಪಿಟ್ಟುಕೊಳ್ಳುವ ಶಕ್ತಿ ಇದಕ್ಕಿಲ್ಲ. ರಂಧ್ರಗಳುಳ್ಳ ಫಲಕಕ್ಕೆ ತಂತಿಗಳನ್ನು ಸಿಕ್ಕಿಸಿ, ಯಾವ ಅಂಕಣದ ಅಂಕಿಯನ್ನು ಕೂಡಬೇಕು, ಎಲ್ಲಿ ಅಚ್ಚೊತ್ತಬೇಕು ಎಂಬುದನ್ನು ಕೈಯಿಂದಲೇ ನಿರ್ಣಯಿಸಬೇಕು. ಕೆಲಸ ಬದಲಾದರೆ ಫಲಕವನ್ನೇ ಬದಲಿಸಬೇಕು. ಮಾಹಿತಿಯೆಲ್ಲ 80 ಅಂಕಣಗಳ ಕಾರ್ಡುಗಳಲ್ಲಿ ತೂತುಗಳ ರೂಪದಲ್ಲಿರುತ್ತದೆ. ತೂತಿನ ಮೂಲಕ ವಿದ್ಯುತ್ತು ಹರಿದಾಗ ಯಂತ್ರ ಆ ಅಂಕಿಯನ್ನು ಅರಿಯುತ್ತದೆ.

ಪೋಲೆಂಡಿನ ಗ್ಡಾನ್ಸ್ಕ್ ನಗರದ ವಾಹನ ದುರಸ್ತಿ ಅಂಗಡಿಯೊಂದರಲ್ಲಿ ಕಮೋಡೋರ್ 64 ಯಂತ್ರವೊಂದು 25 ವರ್ಷಗಳಿಗೂ ಮಿಕ್ಕಿ ವಾಹನಗಳ ಡ್ರೈವ್ ಶಾಫ್ಟುಗಳ ಸಮತೋಲನ ನೋಡುವ ಕೆಲಸದಲ್ಲಿ ತೊಡಗಿದ್ದ ಸುದ್ದಿ 2016ರಲ್ಲಿ ಪ್ರಕಟವಾಯಿತು. ಶಾಫ್ಟು ತಿರುಗುವ ರೀತಿ ಬದಲಾಗಿಲ್ಲವಷ್ಟೆ!

ನಮ್ಮಲ್ಲಿಯೂ ಮಂಡಿ, ಲಾರಿ ಕಚೇರಿಗಳಲ್ಲಿ ಕಿರಗುಟ್ಟುವ ಡಾಟ್ ಮ್ಯಾಟ್ರಿಕ್ಸ್ ಮುದ್ರಣಯಂತ್ರ ಇನ್ನೂ ಉಳಿದಿರುವುದು ಜಿಪುಣತನದಿಂದಲ್ಲ. ಅದರ ಸೂಜಿಗಳು ಪಟ್ಟಿಯ ಮೇಲೆ ಬಡಿಯುವುದರಿಂದ ಒಂದೇ ಸಲಕ್ಕೆ ಕಾರ್ಬನ್ ಪ್ರತಿಗಳೂ ಮೂಡುತ್ತವೆ. ಕಾಗದವನ್ನು ಬಡಿಯದ ಲೇಸರ್ ಯಂತ್ರಕ್ಕೆ ಇದು ಸಾಧ್ಯವಿಲ್ಲ.

ಹೊಸ ಯಂತ್ರದ ಬೆಲೆಗಿಂತ, ಹಳೆಯ ಲೆಕ್ಕವನ್ನು ಅದಕ್ಕೆ ವರ್ಗಾಯಿಸಿ, ನೌಕರರಿಗೆ ಮರಳಿ ತರಬೇತಿ ಕೊಡುವ ಶ್ರಮವೇ ಸಣ್ಣ ಉದ್ಯಮಿಗೆ ಹೆಚ್ಚು ಭಾರ. ಆದರೆ ಕಾಯುವುದರಲ್ಲಿಯೂ ಅಪಾಯವಿದೆ. ಕಮೋಡೋರ್ ಸಂಸ್ಥೆ 1994ರಲ್ಲಿ ದಿವಾಳಿಯಾಯಿತು. ಸೋನಿ ಸಂಸ್ಥೆ 2011ರಲ್ಲಿ ಫ್ಲಾಪಿ ತಟ್ಟೆಗಳ ತಯಾರಿಕೆ ನಿಲ್ಲಿಸಿತು. ಬಿಡಿಭಾಗವಾದರೂ ಗುಜರಿಯಲ್ಲಿ ದೊರೆತೀತು. ತಂತಿಯ ಮರ್ಮ ಬಲ್ಲ ಒಬ್ಬನೇ ನೌಕರ ನಿವೃತ್ತನಾದರೆ ವೇತನದ ದಿನ ಫಲಕವನ್ನು ಜೋಡಿಸುವವರಾರು? ನನ್ನ ದೃಷ್ಟಿಯಲ್ಲಿ ನಿಜವಾದ ಆತಂಕ ಇದೇ. ಹೀಗಿದ್ದರೂ, ಕ್ಯಾಲಿಫೋರ್ನಿಯಾದ ಗಣಕಯಂತ್ರ ಇತಿಹಾಸ ವಸ್ತುಸಂಗ್ರಹಾಲಯದವರು ಕಾನ್ರೋದ ಯಂತ್ರವನ್ನು ಕೇಳಿದಾಗ, ಅದನ್ನು ಬಿಟ್ಟುಕೊಡಲು ಸಂಸ್ಥೆ ಮನಸ್ಸು ಮಾಡಲಿಲ್ಲ. ಅಲ್ಲಿ ಅದಕ್ಕಿನ್ನೂ ಕೆಲಸವಿತ್ತು.